ಬಾಡಿಗೆಯ ಕಂಠ

ಬೋಳಾರದ ಒಂದು ಮನೆಯ ಚಾವಡಿಯಲ್ಲಿ ಈಚೆಗೆ ತಾಳಮದ್ದಳೆ ಮುಗಿದು ಕಾಫಿ ಬರುವ ಹೊತ್ತಿಗೆ, ಮಾತು ಹೇಗೋ ತಮಿಳು ಸಿನಿಮಾದ ಕಡೆಗೆ ಹೊರಳಿತು. ನಟ ಮೋಹನರ ಹೆಸರು ಬಂತು. "ಅವರು ನಮ್ಮ ಉಡುಪಿಯವರಲ್ಲವೋ!" ಎಂದು ಒಬ್ಬರು ಬೀಗಿದರು. "ಉಡುಪಿಯವರಾದರೇನು ಮಾರಾಯ್ರೆ, ಹಾಡು ಒಬ್ಬನದು, ಮಾತು ಇನ್ನೊಬ್ಬನದು, ಇವರು ಮೈಕು ಹಿಡಿದು ನಿಂತದ್ದಷ್ಟೆ" ಎಂದರು ಮತ್ತೊಬ್ಬರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಮೂವತ್ತು ವರ್ಷ ನಾನೂ ಇದನ್ನೇ ಹೇಳಿಕೊಂಡು ತಿರುಗಿದವನು.

ನಕ್ಕವರನ್ನು ಮೊದಲು ವಿಚಾರಿಸೋಣ. ಮೋಹನರ ಹೆಚ್ಚಿನ ತಮಿಳು ಚಿತ್ರಗಳಲ್ಲಿ ಕೇಳುವ ಮಾತು ಎಸ್.ಎನ್. ಸುರೇಂದರರದು, ಹಾಡು ಬಹುಮಟ್ಟಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು. ನಿಜವೇ. ಆದರೆ ನಮ್ಮ ಯಕ್ಷಗಾನದಲ್ಲಿ ಪದ ಹೇಳುವವರು ಭಾಗವತರು, ಕುಣಿಯುವವನು ವೇಷಧಾರಿ. ಅವನನ್ನು ಬಾಡಿಗೆ ಕಂಠದವನೆಂದು ಹಂಗಿಸಿದವರನ್ನು ನಾನು ಕಂಡಿಲ್ಲ. "ಅರ್ಥ ಅವನದೇ ತಾನೆ?" ಎಂದು ಅಲ್ಲಿಯೇ ಆಕ್ಷೇಪ ಬಂತು. ಪ್ರಶ್ನೆ ಬಿಗಿಯಾದದ್ದೇ.

ಇದಕ್ಕೆ ಉತ್ತರ 1986ರ 'ಮೌನ ರಾಗಂ' ಚಿತ್ರದಲ್ಲಿದೆ. ಏನು ಉಡುಗೊರೆ ಬೇಕೆಂದು ಗಂಡ ಕೇಳುತ್ತಾನೆ. ವಿಚ್ಛೇದನ ಬೇಕು ಎನ್ನುತ್ತಾಳೆ ಹೊಸ ಹೆಂಡತಿ. ಆಗ ಆ ಗಂಡನ ಮುಖದಲ್ಲಿ ನಡೆಯುವುದಕ್ಕೆ ಯಾರ ಕಂಠವೂ ಬೇಕಾಗಿಲ್ಲ. ಮಾತಿನ ಸಂಗತಿಯೂ ನಾವು ತಿಳಿದಷ್ಟು ಸರಳವಲ್ಲ. ಕಂಠ ಕೊಡುವವನು ತೆರೆಯ ಮೇಲಿನ ತುಟಿ ನೋಡಿಕೊಂಡು ಮಾತು ಕೂಡಿಸಬೇಕು. ಎಲ್ಲಿ ತಡೆಯಬೇಕು, ಎಲ್ಲಿ ನುಂಗಬೇಕು ಎಂಬುದನ್ನು ನಟ ಮೊದಲೇ ತೀರ್ಮಾನಿಸಿರುತ್ತಾನೆ. ಸುರೇಂದರರು ಆ ಜಾಡನ್ನು ಹಿಡಿದು ನಡೆದರು, ಬಲು ಸೊಗಸಾಗಿ ನಡೆದರು. 1982ರ 'ಪಯಣಂಗಳ್ ಮುಡಿವದಿಲ್ಲೈ' ಚಿತ್ರದ ಆ ಸಾಯುವ ಗಾಯಕನಿಗಾಗಿ ತಮಿಳುನಾಡು ಕಣ್ಣೀರಿಟ್ಟದ್ದು ಬರಿಯ ಮೈಕನ್ನು ನೋಡಿ ಅಲ್ಲ.

ಇನ್ನು ಬೀಗಿದವರ ಸರದಿ. ಅವರ ಮೇಲೆ ನನಗೆ ಸಿಟ್ಟು ಹೆಚ್ಚು. ಮೋಹನರನ್ನು ರಂಗಭೂಮಿಗೆ ತಂದವರು ಬಂಟ್ವಾಳ ತಾಲೂಕಿನವರೇ ಆದ ಬಿ.ವಿ. ಕಾರಂತರು. ಅವರ ಮೊದಲ ಚಿತ್ರ 1977ರ 'ಕೋಕಿಲ', ಅಚ್ಚ ಕನ್ನಡದ್ದು. ಆದರೆ ಅದನ್ನು ನಿರ್ದೇಶಿಸಿದವರು ಶ್ರೀಲಂಕೆಯಲ್ಲಿ ಹುಟ್ಟಿದ ತಮಿಳರು, ಬಾಲು ಮಹೇಂದ್ರ. 1980ರಲ್ಲಿ 'ಮೂಡುಪನಿ'ಗೆ ಕರೆದವರೂ ಅವರೇ. ಅದೇ ವರ್ಷ ಮಹೇಂದ್ರನ್ ತಮ್ಮ 'ನೆಂಜತ್ತೈ ಕಿಳ್ಳಾದೇ' ಚಿತ್ರದಲ್ಲಿ ಅವರನ್ನು ನಾಯಕನನ್ನಾಗಿ ಮಾಡಿದರು. ಹುಡುಗನ ನಾಲಗೆ ತಮ್ಮದಲ್ಲವೆಂದು ತಮಿಳರು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ತಮ್ಮ ನಾಲಗೆಯೊಂದನ್ನು ಜೊತೆಗೆ ಕೊಟ್ಟು ಉಳಿಸಿಕೊಂಡರು. ಅದೇ ಕಾಲದಲ್ಲಿ ನಾವು ಡಬ್ಬಿಂಗ್ ಎಂಬ ಶಬ್ದ ಕಿವಿಗೆ ಬಿದ್ದರೆ ಸ್ನಾನ ಮಾಡುತ್ತಿದ್ದೆವು. 1960ರ ದಶಕದಿಂದ ಸುಮಾರು ಅರ್ಧ ಶತಮಾನ ಕನ್ನಡ ನಾಡಿನಲ್ಲಿ ಅದಕ್ಕೆ ಬಾಗಿಲು ಮುಚ್ಚಿತ್ತು. ಪರಭಾಷೆಯ ಚಿತ್ರವನ್ನೇ ತಂದು ಕನ್ನಡದಲ್ಲಿ ಮಾತಾಡಿಸುವುದು ಬೇರೆ, ಒಬ್ಬ ನಟನಿಗೆ ಕಂಠ ಕೊಡುವುದು ಬೇರೆ ಎಂದು ನಾನೂ ಬಲ್ಲೆ. ಆದರೆ ಕಂಠದಾನ ಮಾಡುವವನನ್ನು ಕಳ್ಳನಂತೆ ಕಾಣುವ ಅಭ್ಯಾಸ ನನಗೆ ಅಂಟಿಕೊಂಡದ್ದು ಆ ಗಲಾಟೆಯಿಂದಲೇ. ಎರವಲು ಮಾತೆಂದರೆ ಮೂಗು ಮುರಿಯುವ ನಾವು ಎರವಲು ಕೀರ್ತಿಗೆ ಮಾತ್ರ ಎದೆ ಉಬ್ಬಿಸುವುದೆ?

ಸುರೇಂದರರನ್ನಂತೂ ಎರಡೂ ಪಕ್ಷದವರು ಮರೆತರು. ಒಬ್ಬರಿಗೆ ಅವರು ಬರಿಯ ಹಂಗಿಸುವ ಸಾಧನ, ಇನ್ನೊಬ್ಬರಿಗೆ ಬಚ್ಚಿಡಬೇಕಾದ ಗುಟ್ಟು. ಅವರು ಸ್ವತಃ ಗಾಯಕರು, ನಟ ವಿಜಯ್ ಅವರ ಸೋದರಮಾವ. 2024ರಲ್ಲಿ ಅದೇ ವಿಜಯ್ ಅವರ ಚಿತ್ರದಲ್ಲಿ ಮೋಹನರು ಖಳನಾಗಿ ಬಂದಾಗ ನಮ್ಮ ಪೇಟೆಯ ಹುಡುಗರು "ಇವರು ಯಾರು?" ಎಂದು ಕೇಳಿದರು. ನಾನು ಹೇಳಲು ಹೊರಟೆ. ಹೇಳಲು ಎರಡು ಹೆಸರು ಬೇಕಾದವು. ಒಂದೇ ಹೆಸರು ಸಾಕೆನ್ನುವ ಮಹಾಶಯರು ಮುಂದಿನ ತಾಳಮದ್ದಳೆಯಲ್ಲಿ ಭಾಗವತರನ್ನು ಎಬ್ಬಿಸಿ ಕಳುಹಿಸಿ, ಆಮೇಲೆ ನನ್ನೊಡನೆ ವಾದಕ್ಕೆ ಕೂರಲಿ. ಚಾವಡಿ ಅದೇ, ಕಾಫಿಯೂ ಅದೇ.