ಮಳೆ ಘಟ್ಟದಲ್ಲಿ, ಮಹಾಪೂರ ನಮ್ಮಲ್ಲಿ

ಮಳೆಗಾಲದಲ್ಲಿ ಹವಾಮಾನ ಇಲಾಖೆಯವರು ಬರುವ ದಿನಗಳ ಮುನ್ಸೂಚನೆ ಕೊಡುವಾಗ ಬೆಳಗಾವಿ ಜಿಲ್ಲೆಗೆ ಹಳದಿಯೋ ಕಿತ್ತಳೆಯೋ ಕೆಂಪೋ ಒಂದು ಬಣ್ಣ ಹಚ್ಚುತ್ತಾರೆ. 24 ತಾಸಿನಲ್ಲಿ 115 ಮಿ.ಮೀ. ದಾಟಿದ ಮಳೆ ಅತಿ ಭಾರಿ, 204 ದಾಟಿದರೆ ಅತ್ಯಂತ ಭಾರಿ. ಇಲಾಖೆಯ ಲೆಕ್ಕದಲ್ಲಿ ನಮಗೆ ತಕರಾರಿಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ದುಡಿಯುವ ಜನಕ್ಕೆ ಇದೊಂದೇ ಬಣ್ಣ ಸಾಲದು ಎಂದು ಹೇಳಬಯಸುತ್ತೇವೆ.

ನಮ್ಮನ್ನು ಮುಳುಗಿಸುವುದು ಬಹುಮಟ್ಟಿಗೆ ನಮ್ಮ ತಲೆಯ ಮೇಲೆ ಬೀಳುವ ಮಳೆಯಲ್ಲ. ಮಹಾಬಳೇಶ್ವರ, ಕೊಯ್ನಾ, ರಾಧಾನಗರಿಗಳ ಘಟ್ಟದಲ್ಲಿ ಬಿದ್ದ ನೀರು ಕೃಷ್ಣೆ, ಪಂಚಗಂಗೆಗಳಲ್ಲಿ ಇಳಿದು, ರಾಜಾಪುರ ಬಾಂದಾರ ದಾಟಿ ನಮ್ಮ ಸೀಮೆಗೆ ಬರುತ್ತದೆ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆಯೂ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಲ್ಲಿ ಬಿಸಿಲಿದ್ದಾಗಲೂ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಭೋಜವಾಡಿ-ಕುನ್ನೂರ ಸೇತುವೆಗಳು ನೀರಿನಡಿ ಹೋಗುವುದುಂಟು. ಅಥಣಿಯ ಪೂರ್ವ ಭಾಗದ ರೈತ ಮೋಡ ನೋಡುತ್ತ ಕುಳಿತಿರುವಾಗಲೇ ಅದೇ ತಾಲೂಕಿನ ಹೊಳೆದಂಡೆಯವರು ಗಂಟುಮೂಟೆ ಕಟ್ಟುತ್ತಾರೆ.

2005ರ ಮಹಾಪೂರವನ್ನು ಜನ ಮರೆತಿಲ್ಲ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಪುಣೆ-ಬೆಂಗಳೂರು ಹೆದ್ದಾರಿಯನ್ನೇ ಮುಚ್ಚಿತು. ಹೆದ್ದಾರಿಗೇ ಈ ಗತಿಯಾದರೆ ಹಳ್ಳಿಯ ತಗ್ಗು ಸೇತುವೆಗಳ ಪಾಡೇನು?

ಪ್ರವಾಹ ಬರುವಾಗ ‘ರಾಜಾಪುರದಿಂದ ಇಷ್ಟು ಲಕ್ಷ ಕ್ಯೂಸೆಕ್’ ಎಂಬ ಪ್ರಕಟಣೆ ಹೊರಡುತ್ತದೆ. ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರು ನೀರು. ಇಂಜಿನಿಯರರಿಗೆ ಇಷ್ಟು ಸಾಕು. ರಾತ್ರಿ ಪಾಳಿಗೆ ಹೊರಟ ಗಿರಣಿ ಕಾರ್ಮಿಕನಿಗೆ ಬೇಕಾದದ್ದು ಬೇರೆ: ಬೆಳಗಾದಾಗ ಮನೆಗೆ ಹೋಗಲು ಸೇತುವೆ ಇದ್ದೀತೇ? ಕಿರಾಣಿ ಅಂಗಡಿಯವನಿಗೆ ಬೇಕಾದದ್ದು: ಸಕ್ಕರೆ, ಹಿಟ್ಟಿನ ಚೀಲಗಳನ್ನು ಎಷ್ಟು ತಾಸಿನೊಳಗೆ ಮೇಲೆತ್ತಬೇಕು? ಘಟ್ಟದ ನೀರು ಇಲ್ಲಿಗೆ ತಲುಪಲು ತಾಸುಗಟ್ಟಲೆ ಹಿಡಿಯುತ್ತದೆ. ಆ ತಾಸುಗಳು ಕಚೇರಿಯ ಕಡತದಲ್ಲಿ ಕಳೆಯದೆ ಜನರ ಕೈಗೆ ಸಿಗಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟೇ. ಹೊಳೆ ಏರುವ ದಿನಗಳಲ್ಲಿ ಮುಂಜಾನೆ ಸಂಜೆ ಎರಡು ಹೊತ್ತು, ಯಾವ ಸೇತುವೆ ಎಷ್ಟು ಹೊತ್ತಿಗೆ ಮುಳುಗಬಹುದೆಂಬುದನ್ನು ಕನ್ನಡ, ಮರಾಠಿಗಳೆರಡರಲ್ಲಿಯೂ ಗಿರಣಿಯ ಬಾಗಿಲು, ಬಸ್ ನಿಲ್ದಾಣ, ಪಂಚಾಯತಿ ಕಟ್ಟೆಗಳಲ್ಲಿ ಬರೆಯಿಸಬೇಕು. ದಂಡೆಯ ಊರುಗಳಲ್ಲಿ ಡಂಗುರ ಹೊಡೆಸಬೇಕು. ಹೊಳೆ ದಾಟಲಾಗದೆ ತಪ್ಪಿದ ಪಾಳಿಯ ಪಗಾರವನ್ನು ಮಾಲಕರು ಮುರಿಯಕೂಡದು. ಜೀವಕ್ಕೆ ಅಂಜಿ ಮನೆಯಲ್ಲಿ ಉಳಿದವನಿಗೆ ದಂಡ ಹಾಕಿದರೆ, ನಾಳೆ ಅವನು ಹರಿಯುವ ನೀರಿಗೇ ಸೈಕಲ್ಲು ಇಳಿಸುತ್ತಾನೆ.

ಬಾಂಧವರೇ, ಸೇತುವೆಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿದ್ದರೂ ದಾಟಬೇಡಿರಿ. ರೇಶನ್ ಕಾರ್ಡು, ಹೊಲದ ಉತಾರ, ಅಂಗಡಿಯ ಲೆಕ್ಕದ ವಹಿಗಳನ್ನು ಈಗಲೇ ಎತ್ತರದಲ್ಲಿಡಿರಿ. ಮತ್ತು ಹತ್ತು ಜನ ಕೂಡಿ ತಹಶೀಲ್ದಾರರ ಕಚೇರಿಗೆ ಹೋಗಿ, ನಮ್ಮ ಊರಿನ ಹಲಗೆ ಎಲ್ಲಿ ಎಂದು ಕೇಳಿರಿ.