ತಿಪ್ಪಣ್ಣ ಎಂಬ ಹೆಸರು

ಹೆಸರು ತಂದೆತಾಯಿಗಳು ಮಗುವಿಗೆ ಕೊಡುವ ಮೊದಲ ಕಾಣಿಕೆ. ದೇವರ ಹೆಸರು, ವೀರರ ಹೆಸರು, ಹೂವಿನ ಹೆಸರು, ನದಿಯ ಹೆಸರು, ಅಜ್ಜ ಅಜ್ಜಿಯರ ಹೆಸರು – ಹೀಗೆ ತಮಗೆ ಶ್ರೇಷ್ಠವೆಂದು ತೋರಿದುದನ್ನು ಆರಿಸಿ ಮಗುವಿಗೆ ಇಡುವುದು ಲೋಕರೂಢಿ. ಈ ರೂಢಿಗೆ ತೀರ ವಿರುದ್ಧವಾದ ಕೆಲವು ಹೆಸರುಗಳೂ ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿವೆ. ತಿಪ್ಪಣ್ಣ, ತಿಪ್ಪಯ್ಯ, ತಿಪ್ಪಮ್ಮ, ತಿಪ್ಪವ್ವ ಎಂಬುವು ಅಂಥ ಹೆಸರುಗಳು. ಚಿತ್ರದುರ್ಗ, ಬಳ್ಳಾರಿ, ರಾಯಚೂರು ಸೀಮೆಗಳ ಹಿರಿಯರಲ್ಲಿ ಇವು ಇಂದಿಗೂ ಕೇಳಿಬರುತ್ತವೆ. ಆದರೆ ಇಂದು ಹುಟ್ಟಿದ ಮಗುವಿಗೆ ಈ ಹೆಸರನ್ನಿಡುವವರು ವಿರಳ. ಅಪ್ಪಿತಪ್ಪಿ ಶಾಲೆಯ ಹಾಜರಿ ಪುಸ್ತಕದಲ್ಲಿ ಇಂಥದೊಂದು ಹೆಸರು ಕಾಣಿಸಿಕೊಂಡರೆ, ಅದನ್ನು ಕರೆದಾಗ ಹಿಂದಿನ ಬೆಂಚುಗಳಲ್ಲಿ ನಗೆ ಏಳುವುದೂ ಉಂಟು. ಈ ನಗೆ ಎಷ್ಟು ಸರಿ ಎಂಬುದನ್ನು ಹೇಳುವ ಮೊದಲು ಹೆಸರಿನ ಹುಟ್ಟನ್ನು ಅರಿಯುವುದು ಅವಶ್ಯ.

ತಿಪ್ಪೆ ಎಂದರೆ ಮೂಲದಲ್ಲಿ ಗುಡ್ಡೆ, ರಾಶಿ. ತಮಿಳಿನ ತಿಪ್ಪೈ, ತೆಲುಗಿನ ತಿಪ್ಪ ಎಂಬ ಪದಗಳಿಗೂ ದಿಬ್ಬ, ಮೇಡು ಎಂಬ ಅರ್ಥಗಳಿವೆ. ಕನ್ನಡದಲ್ಲಿ ಈ ಮಾತು ಮುಖ್ಯವಾಗಿ ಸಗಣಿ, ಗಂಜಲ, ಬೂದಿ, ಕಸಕಡ್ಡಿಗಳನ್ನು ಕೂಡಿಹಾಕುವ ಗೊಬ್ಬರದ ರಾಶಿಗೆ ನಿಂತಿತು. ಪೇಟೆಯವನ ಕಣ್ಣಿಗೆ ತಿಪ್ಪೆ ಹೊಲಸು. ಒಕ್ಕಲಿಗನ ಕಣ್ಣಿಗೆ ಅದು ಮುಂದಿನ ವರ್ಷದ ಬೆಳೆ. ಹೊಲಕ್ಕೆ ಹೊಡೆಯುವ ಗೊಬ್ಬರದ ಗಾಡಿಗಳು ಹೊರಡುವುದು ಅಲ್ಲಿಂದಲೇ. ಆದುದರಿಂದಲೇ ದೀಪಾವಳಿಯ ಸಂಜೆ ಕೆಲವು ಹಳ್ಳಿಗಳಲ್ಲಿ ದನದ ಕೊಟ್ಟಿಗೆಗೆ ದೀಪವಿಡುವಂತೆ ತಿಪ್ಪೆಗೂ ಒಂದು ಹಣತೆಯನ್ನು ಇಡುವ ಪದ್ಧತಿ ಇದೆ. ಆದರೂ ತಿಪ್ಪೆಯ ಹೆಸರು ಮನುಷ್ಯನಿಗೆ ಬಂದುದು ಬೆಳೆಯ ಹರ್ಷದಿಂದಲ್ಲ, ಸಾವಿನ ಭಯದಿಂದ.

ಒಂದು ಮನೆಯಲ್ಲಿ ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದರಂತೆ ತೀರಿಕೊಂಡವು ಎನ್ನೋಣ. ಮತ್ತೆ ಮಗು ಹುಟ್ಟಿದಾಗ ಆ ಮನೆಯವರಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚು. ಆಗ ಅವರು ಒಂದು ಉಪಾಯ ಹೂಡುತ್ತಿದ್ದರು. ಎಳೆಯ ಕೂಸನ್ನು ಮೊರದಲ್ಲಿಟ್ಟು ಒಯ್ದು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸುವರು. ತಾಯಿ ತನಗೆ ಈ ಮಗು ಬೇಡವೆಂಬಂತೆ ಮುಖ ತಿರುಗಿಸುವಳು. ನೆರೆಮನೆಯ ಹೆಂಗಸೊಬ್ಬಳು ಬಂದು ತನಗೆ ತಿಪ್ಪೆಯಲ್ಲಿ ಒಂದು ಕೂಸು ಸಿಕ್ಕಿತೆಂದು ಎತ್ತಿಕೊಳ್ಳುವಳು. ಅನಂತರ ಹೆತ್ತವಳೇ ಒಂದಿಷ್ಟು ತೌಡನ್ನೋ ಕಾಳನ್ನೋ ಕೊಟ್ಟು ಅದನ್ನು ಕೊಂಡುಕೊಳ್ಳುವಳು. ಹೀಗೆ ಬಂದ ಮಗು ಗಂಡಾದರೆ ತಿಪ್ಪ, ಹೆಣ್ಣಾದರೆ ತಿಪ್ಪಿ. ಕೆಲವೆಡೆ ಗಂಡುಮಗುವಿಗೂ ಮೂಗು ಚುಚ್ಚಿಸುತ್ತಿದ್ದರು.

ಈ ಆಚರಣೆಯ ಹಿಂದಿನ ತರ್ಕ ಸರಳವಾದುದು. ಚೆಂದದ ವಸ್ತುವಿನ ಮೇಲೆ ಎಲ್ಲರ ಕಣ್ಣು. ಪ್ರೀತಿಯ ಮಗುವಿನ ಮೇಲೆ ಮೃತ್ಯುವಿನ ಕಣ್ಣು. ಯಾರಿಗೂ ಬೇಡವಾದ ಕಸವೆಂದು ಕರೆದರೆ ಮೃತ್ಯು ಮೋಸಹೋಗಿ ಆ ಮಗುವನ್ನು ಬಿಟ್ಟುಹೋದೀತು ಎಂಬ ಆಸೆ. ಕಲ್ಲಪ್ಪ, ಹುಚ್ಚಪ್ಪ, ತಿರುಕಪ್ಪ ಎಂಬ ಹೆಸರುಗಳ ಹಿಂದೆಯೂ ಹಲವೆಡೆ ಇಂಥದೇ ಆಸೆ ಅಡಗಿದೆ. ತೆಲುಗರ ಪೆಂಟಯ್ಯ, ತಮಿಳರ ಕುಪ್ಪುಸ್ವಾಮಿ, ಮರಾಠಿಯ ಕಚರು – ಈ ಮೂರೂ ಕಸ, ತಿಪ್ಪೆ ಎಂಬ ಅರ್ಥದ ಪದಗಳಿಂದಲೇ ಹುಟ್ಟಿದವು. ಭಾಷೆ ಬೇರೆಯಾದರೂ ತಾಯಂದಿರ ಅಂಜಿಕೆ ಒಂದೇ ಆಗಿತ್ತು.

ಈ ಹೆಸರು ಬಡವರ ಗುಡಿಸಲಿಗೆ ಮಾತ್ರ ಸೇರಿದುದೆಂದು ತಿಳಿಯುವುದು ತಪ್ಪು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಸಾಳುವ ಮನೆತನದಲ್ಲಿ ಗೋಪತಿಪ್ಪನೆಂಬ ಅರಸುಮಗನಿದ್ದನು. ವಾಮನನ ಅಲಂಕಾರ ಗ್ರಂಥಕ್ಕೆ ‘ಕಾಮಧೇನು’ ಎಂಬ ವ್ಯಾಖ್ಯಾನವನ್ನೂ, ‘ತಾಳದೀಪಿಕೆ’ ಎಂಬ ಸಂಗೀತಶಾಸ್ತ್ರದ ಗ್ರಂಥವನ್ನೂ ಸಂಸ್ಕೃತದಲ್ಲಿ ಬರೆದವನು ಅವನು. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ನೆಲೆಸಿದ ತಿಪ್ಪೇರುದ್ರಸ್ವಾಮಿಗಳು ಬರಗಾಲದ ಆ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದ ಸಂತರೆಂದು ಜನರ ಭಕ್ತಿಗೆ ಪಾತ್ರರಾದವರು. ದುಡಿದವನಿಗೆ ದುಡಿದಷ್ಟು ಸಲ್ಲಬೇಕೆಂಬ ಅವರ ಬೋಧೆ ಇಂದಿಗೂ ಅಲ್ಲಿನ ಜನರ ನಾಲಗೆಯ ಮೇಲಿದೆ. ಅವರಿಗೆ ಹರಕೆ ಹೊತ್ತು ಮಕ್ಕಳಿಗೆ ತಿಪ್ಪೇಸ್ವಾಮಿ, ತಿಪ್ಪೇರುದ್ರ ಎಂದು ಹೆಸರಿಡುವುದು ಆ ಭಾಗದಲ್ಲಿ ಬೆಳೆದುಬಂದ ಪದ್ಧತಿ. ಹೀಗೆ ಭಯದಿಂದ ಇಟ್ಟ ಹೆಸರಿನ ಜೊತೆಗೆ ಭಕ್ತಿಯಿಂದ ಇಟ್ಟ ಹೆಸರೂ ಸೇರಿಕೊಂಡಿತು. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ ಎಂಬ ಕೃತಿಗಾಗಿ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ವಿದ್ವಾಂಸರ ಹೆಸರೂ ಎಚ್. ತಿಪ್ಪೇರುದ್ರಸ್ವಾಮಿ ಎಂಬುದೇ. ಬೆಂಗಳೂರಿಗೆ ದಶಕಗಳ ಕಾಲ ಕುಡಿಯುವ ನೀರುಣಿಸಿದ ಅರ್ಕಾವತಿಯ ಜಲಾಶಯ ತಿಪ್ಪಗೊಂಡನಹಳ್ಳಿಯದು. ಹೀಗೆ ಅರಸುಮನೆಯಲ್ಲಿ, ಮಠದಲ್ಲಿ, ವಿದ್ವತ್ತಿನಲ್ಲಿ, ಊರಿನ ಹೆಸರಿನಲ್ಲಿ ತಿಪ್ಪೆಯ ಮಾತು ಗೌರವದಿಂದಲೇ ಬಾಳಿದೆ.

ಹಾಗಾದರೆ ಇಂದು ಈ ಹೆಸರು ಅಪರೂಪವಾದುದೇಕೆ? ಜನರ ಅಭಿರುಚಿ ಬದಲಾಯಿತು, ಪೇಟೆಯ ನಾಗರಿಕತೆ ಹಳ್ಳಿಯನ್ನು ಹೊಕ್ಕಿತು ಎಂದು ಹೇಳುವುದುಂಟು. ಅದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧವನ್ನು ಅಂಕಿ ಅಂಶಗಳು ಹೇಳುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 200ಕ್ಕೂ ಹೆಚ್ಚು ಶಿಶುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1971ರಲ್ಲಿಯೂ ಆ ಸಂಖ್ಯೆ 129 ಇತ್ತು. 2020ರ ವೇಳೆಗೆ ಅದು 28ಕ್ಕೆ ಇಳಿಯಿತು. ಕರ್ನಾಟಕದಲ್ಲಿ 19ಕ್ಕೆ ಇಳಿಯಿತು. ಊರೂರುಗಳನ್ನು ಬರಿದುಮಾಡುತ್ತಿದ್ದ ಸಿಡುಬು 1975ರಲ್ಲಿ ಭಾರತದಿಂದ ತೊಲಗಿತು. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ, ಕ್ಷಯಗಳಿಂದ ಮಕ್ಕಳನ್ನು ಕಾಯುವ ಹೊಣೆ ಹೊತ್ತಿತು. ಶುದ್ಧವಾದ ನೀರು, ಆಸ್ಪತ್ರೆಯಲ್ಲಿ ಹೆರಿಗೆ, ತಾಯಂದಿರ ವಿದ್ಯಾಭ್ಯಾಸ ಇವೂ ನೆರವಿಗೆ ಬಂದವು. ಮಕ್ಕಳು ಬದುಕಿ ಉಳಿಯತೊಡಗಿದಾಗ ಮೃತ್ಯುವನ್ನು ಮರುಳುಗೊಳಿಸುವ ಅಗತ್ಯವೂ ಕಡಿಮೆಯಾಯಿತು. ತಿಪ್ಪೆಯ ಮೇಲೆ ಮಗುವನ್ನು ಮಲಗಿಸುತ್ತಿದ್ದ ಕೈಗಳು ಅದನ್ನು ಲಸಿಕೆಯ ಕೇಂದ್ರಕ್ಕೆ ಎತ್ತಿಕೊಂಡು ಹೋದವು. ಹೆಸರು ಯಾವ ಮಗುವನ್ನೂ ಉಳಿಸಲಿಲ್ಲ, ಉಳಿಸಿದುದು ವಿಜ್ಞಾನ. ಆದುದರಿಂದ ಈ ಹೆಸರು ವಿರಳವಾದುದಕ್ಕೆ ಮರುಗಬೇಕಾದ ಕಾರಣವಿಲ್ಲ.

ಇಲ್ಲಿ ಇನ್ನೊಂದು ಆಕ್ಷೇಪವನ್ನೂ ಕೇಳಬೇಕು. ಹೀನಾರ್ಥದ ಹೆಸರುಗಳೆಲ್ಲ ತಾಯಿಯ ವಾತ್ಸಲ್ಯದಿಂದಲೇ ಹುಟ್ಟಿದವಲ್ಲ. ಶೂದ್ರನಿಗೆ ಇಡುವ ಹೆಸರು ಜುಗುಪ್ಸೆಯನ್ನು ಸೂಚಿಸುವಂತಿರಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸುತ್ತದೆ. ಉಳ್ಳವರು ತಮ್ಮ ಹೊಲಮನೆಗಳಲ್ಲಿ ದುಡಿಯುವವರನ್ನು ಪೂರ್ಣ ಹೆಸರಿನಿಂದ ಕರೆಯದೆ, ಮೊಟಕುಮಾಡಿ, ಏಕವಚನದಲ್ಲಿ ಕೂಗಿದ ಕಾಲವೂ ಇತ್ತು. ಮನೆಯಲ್ಲಿ ತಿಪ್ಪಣ್ಣನಾದವನು ಧಣಿಯ ಅಂಗಳದಲ್ಲಿ ‘ಲೋ ತಿಪ್ಪಾ’ ಆಗುತ್ತಿದ್ದನು. ಒಂದೇ ಹೆಸರು ಒಂದು ಬಾಯಲ್ಲಿ ಹರಕೆ, ಮತ್ತೊಂದು ಬಾಯಲ್ಲಿ ಹೀಯಾಳಿಕೆ. ಅಂಥ ಅವಮಾನವನ್ನು ಉಂಡವರು ಆ ಹೆಸರನ್ನು ಕಳಚಿಹಾಕಿ ತಮಗೆ ಮೆಚ್ಚಿಗೆಯಾದ ಹೆಸರನ್ನು ಇಟ್ಟುಕೊಂಡರೆ ಅದು ನ್ಯಾಯವೇ ಸರಿ. ಕಾನೂನು ಅದಕ್ಕೆ ಅವಕಾಶವನ್ನೂ ಕೊಟ್ಟಿದೆ. ಹಳೆಯ ಹೆಸರನ್ನು ಉಳಿಸಿಕೊಳ್ಳಬೇಕೆಂದು ಅವರಿಗೆ ಉಪದೇಶಿಸುವ ಅಧಿಕಾರ ಬೇರೆಯವರಿಗಿಲ್ಲ.

ಆದರೆ ಸ್ವಂತ ಇಚ್ಛೆಯಿಂದ ಹೆಸರನ್ನು ಬಿಡುವುದು ಬೇರೆ, ಪರರ ನಗೆಗೆ ಅಂಜಿ ಬಿಡುವುದು ಬೇರೆ. ಅಜ್ಜನ ಹೆಸರನ್ನು ಹೊತ್ತು ಶಾಲೆಗೆ ಬಂದ ಹುಡುಗನೊಬ್ಬ ಸಹಪಾಠಿಗಳ ಕುಚೋದ್ಯದಿಂದ ಕುಗ್ಗಿ, ತನ್ನ ಹೆಸರನ್ನು ಹೇಳಲು ನಾಚಿ ತಲೆತಗ್ಗಿಸಿದರೆ, ಕುಂದು ಹೆಸರಿನದಲ್ಲ, ನಕ್ಕವರದು. ನಗುವವರಿಗೆ ತಿಪ್ಪೆಯೆಂಬ ಮಾತು ಕೇಳಿಸುತ್ತದೆ. ಆ ಮಾತಿನ ಹಿಂದೆ ನಿಂತ ತಾಯಿ ಕಾಣಿಸುವುದಿಲ್ಲ. ಮೊದಲ ಮಕ್ಕಳನ್ನು ಮಣ್ಣಿಗಿಟ್ಟು ಬಂದ ಅವಳು, ಉಳಿದೊಂದು ಕೂಸನ್ನಾದರೂ ಕಾಪಾಡಿಕೊಳ್ಳಲು ತನ್ನಲ್ಲಿದ್ದ ಒಂದೇ ಉಪಾಯವನ್ನು ಹೂಡಿದಳು. ಔಷಧವಿಲ್ಲದ ಕಾಲದಲ್ಲಿ, ವೈದ್ಯನಿಲ್ಲದ ಊರಿನಲ್ಲಿ ಅವಳಿಗೆ ಬೇರೆ ದಾರಿ ಇರಲಿಲ್ಲ. ಅವಳ ನಂಬಿಕೆಯನ್ನು ಇಂದಿನವರು ಒಪ್ಪಬೇಕಾಗಿಲ್ಲ. ಅವಳ ಸಂಕಟವನ್ನು ಅರಿಯದಿರುವುದು ಮಾತ್ರ ವಿದ್ಯಾವಂತರಿಗೆ ಶೋಭೆ ತರುವಂಥದಲ್ಲ.

ಮೂಢನಂಬಿಕೆಯನ್ನು ಕಳೆಯುವುದು ವಿದ್ಯೆಯ ಕೆಲಸ. ಆ ನಂಬಿಕೆಗೆ ಕಾರಣವಾದ ದುಃಖವನ್ನು ತಿಳಿಸಿಕೊಡುವುದೂ ವಿದ್ಯೆಯ ಕೆಲಸವೇ. ಮೊದಲನೆಯದನ್ನು ಮಾತ್ರ ಕಲಿತವನು ಹಿರಿಯರನ್ನು ಹಳಿಯುತ್ತಾನೆ. ಎರಡನ್ನೂ ಕಲಿತವನು ಹಿರಿಯರ ಕಷ್ಟ ಮುಂದಿನ ಮಕ್ಕಳಿಗೆ ಬಾರದಂತೆ ದುಡಿಯುತ್ತಾನೆ. ತಿಪ್ಪಣ್ಣನೆಂಬ ಹೆಸರು ಮುಂದೊಂದು ದಿನ ಪೂರ್ತಿಯಾಗಿ ಮರೆಯಾಗಬಹುದು. ಮಕ್ಕಳ ಸಾವಿನ ಭಯ ಅಳಿದುದರಿಂದ ಅದು ಮರೆಯಾದರೆ ಸಂತೋಷ. ನಗೆಪಾಟಲಿಗೆ ಈಡಾಗಿ ಮರೆಯಾದರೆ ಅದು ನಾಡಿಗೆ ನಾಚಿಕೆ. ಅಲ್ಲಿಯವರೆಗೆ ಆ ಹೆಸರಿನವರನ್ನು ಪೂರ್ಣವಾಗಿ, ಗೌರವದಿಂದ ಕರೆಯುವುದು ಎಲ್ಲರ ಕರ್ತವ್ಯ.