ನಕಲಿ ಗಡಿಯಾರ, ಅಸಲಿ ಸುಲಿಗೆ

ಸಂಬಳದ ವಾರದಲ್ಲಿ ವಾಮಂಜೂರು ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಪಾಳಿ ಮುಗಿಸಿ ಬಸ್ಸಿನಿಂದ ಇಳಿಯುವ ಯುವಕನ ಕೈಯಲ್ಲಿ ‘ರೋಲೆಕ್ಸ್’ ಹೊಳೆಯುತ್ತಿರುತ್ತದೆ. ಬೆಲೆ ಎಷ್ಟೆಂದರೆ ಎರಡು ಸಾವಿರ! ಮೊಬೈಲಿನಲ್ಲಿ ಜಾಹೀರಾತು ಬಂತು, ತರಿಸಿಕೊಂಡೆ ಎನ್ನುತ್ತಾನೆ. ‘ಫಸ್ಟ್ ಕಾಪಿ’ ಎಂದು ಅದಕ್ಕೊಂದು ಮರ್ಯಾದೆಯ ಹೆಸರು ಬೇರೆ. ನಕಲಿಯಲ್ಲಿ ಮೊದಲನೆಯದೇನು, ಕೊನೆಯದೇನು?

ಅಸಲಿ ರೋಲೆಕ್ಸಿಗೆ ಹಲವು ಲಕ್ಷ ರೂಪಾಯಿ. ಹೊಸ ಗಡಿಯಾರಗಳನ್ನು ಆ ಕಂಪೆನಿ ಅಂತರ್ಜಾಲದಲ್ಲಿ ಮಾರುವುದೂ ಇಲ್ಲ. ತಾನು ನೇಮಿಸಿದ ಅಂಗಡಿಗಳ ಮೂಲಕವೇ ಮಾರುತ್ತದೆ. “ಶ್ರೀಮಂತ ಕಂಪೆನಿಗೆ ನಷ್ಟವಾದರೆ ನಮಗೇನು?” ಎಂದು ಕೆಲವರು ಕೇಳಿಯಾರು. ಸ್ವಿಜರ್ಲೆಂಡಿನ ಧಣಿಗಳಿಗಾಗಿ ಕಣ್ಣೀರು ಸುರಿಸುವುದು ನಮ್ಮ ಕೆಲಸವೂ ಅಲ್ಲ. ಆದರೆ ಎರಡು ಸಾವಿರ ಕೊಡುವವನು ಆ ಧಣಿಯ ಗಿರಾಕಿಯೇ ಅಲ್ಲವಲ್ಲ! ಇಲ್ಲಿ ಬರಿದಾಗುವುದು ದುಡಿಯುವವನ ಜೇಬು.

ನೀರು ತಾಗದು ಎಂದು ಮುದ್ರಿಸಿದ ಗಡಿಯಾರದ ಗಾಜು ನಮ್ಮೂರಿನ ಮೊದಲ ಮಳೆಗೇ ಒಳಗಿನಿಂದ ಬೆವರುತ್ತದೆ. ಅಗ್ಗದ ಲೋಹದಲ್ಲಿ ನಿಕಲ್ ಇದ್ದರೆ ಕೆಲವರ ಚರ್ಮ ಕೆಂಪಾಗಿ ತುರಿಸುತ್ತದೆ. ರಿಪೇರಿಗೆ ಒಯ್ದರೆ ಬಿಡಿಭಾಗವಿಲ್ಲ. ಮಾರಿದವನನ್ನು ಹುಡುಕಿದರೆ ಅವನು ನಾಪತ್ತೆ. ನೀವು ಕೊಟ್ಟ ಕಾರ್ಡಿನ ವಿವರ ಮಾತ್ರ ಅವನ ಕೈಯಲ್ಲಿ ಭದ್ರ.

ಬಡವರ ಗಡಿಯಾರವನ್ನೂ ಈ ದಂಧೆ ಬಿಟ್ಟಿಲ್ಲ. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಆರಂಭವಾಯಿತು. ಅದರ ‘ಜನತಾ’ ಗಡಿಯಾರ ನಮ್ಮ ತಂದೆಯಂದಿರ ಕೈಯಲ್ಲಿತ್ತು. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. ಈಗ ಹಳೆಯ ಭಾಗಗಳನ್ನು ಹೇಗೋ ಜೋಡಿಸಿ, ಮುಖಕ್ಕೆ ಹೊಸ ಬಣ್ಣ ಬಳಿದು, ‘ಹಳೆಯ ಅಸಲಿ ಮಾಲು’ ಎಂದು ಅಂತರ್ಜಾಲದಲ್ಲಿ ಮಾರುವವರಿದ್ದಾರೆ.

ಮಂಗಳೂರು ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಹೆಂಚು ಸೋರಿದರೆ ಯಾರನ್ನು ಕೇಳಬೇಕೆಂದು ಅದು ಹೇಳುತ್ತದೆ. ಮುದ್ರೆಯೆಂದರೆ ಹೊಣೆ. ನಕಲಿ ಮುದ್ರೆಗೆ ಹೊಣೆಗಾರನೇ ಇಲ್ಲ.

ಸಣ್ಣ ವರ್ತಕ ಬಂಧುಗಳಿಗೂ ಒಂದು ಎಚ್ಚರಿಕೆ. ಇಂಥ ಮಾಲನ್ನು ತರಿಸಿ ಮಾರಿದರೆ 1999ರ ಟ್ರೇಡ್ ಮಾರ್ಕ್ ಕಾಯಿದೆಯ 104ನೇ ಕಲಮಿನಂತೆ 6 ತಿಂಗಳಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ಪೊಲೀಸರು ಬರುವುದು ನಿಮ್ಮ ಅಂಗಡಿಗೆ. ಮಾರಾಟಕ್ಕೆ ಜಾಗ ಕೊಟ್ಟು ಕಮಿಷನ್ ಎಣಿಸುವ ಅಂತರ್ಜಾಲ ಕಂಪೆನಿ ಮಾತ್ರ “ನಾವು ಬರೇ ಮಧ್ಯವರ್ತಿಗಳು” ಎನ್ನುತ್ತ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೇ ಕಲಮಿನ ಕೊಡೆಯಡಿ ನಿಲ್ಲುತ್ತದೆ. ಸಂತೆಯ ಸುಂಕ ಎತ್ತುವವನು ಸಂತೆಯ ತೂಕಕ್ಕೆ ಹೊಣೆಯಲ್ಲವೇ?

ಮೋಸಹೋದವರು ನಾಚಿ ಸುಮ್ಮನಿರಬಾರದು. ಮಾರುವವನ ಹೆಸರು, ವಿಳಾಸ ತೋರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಅವು ಕಾಣದಿದ್ದರೆ ಕೊಳ್ಳಬೇಡಿ. ದೂರು ಕೊಟ್ಟರೆ ಕಂಪೆನಿ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಗ್ರಾಹಕರ ಸಹಾಯವಾಣಿ 1915. ಹಣವನ್ನೇ ಲಪಟಾಯಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಾರಿದವನು ದಿಲ್ಲಿಯಲ್ಲಿದ್ದರೂ ವಾಮಂಜೂರಿನವರು ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದಾವೆ ಹೂಡಬಹುದು. ಮಾಲಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲು, ಜಾಹೀರಾತಿನ ಚಿತ್ರ, ಹಣ ಕೊಟ್ಟ ದಾಖಲೆ ಜೋಪಾನವಾಗಿರಲಿ.

ಸರಕಾರವನ್ನು ನಾವು ಕೇಳಬೇಕಾದದ್ದು ಒಂದೇ: ನಕಲಿ ಮಾಲಿನ ಮಾರಾಟದಲ್ಲಿ ಕಮಿಷನ್ ಪಡೆದವನನ್ನೂ ಮಾರಿದವನ ಜತೆಗೇ ಕಟಕಟೆಯಲ್ಲಿ ನಿಲ್ಲಿಸಿ. ಅಲ್ಲಿಯವರೆಗೆ, ಬಂಧುಗಳೇ, ಹೊತ್ತು ನೋಡಲು ಸಾಧಾರಣ ಗಡಿಯಾರ ಸಾಕು. ಬಿಲ್ಲು ಕೊಡುವ, ನಾಳೆಯೂ ಬಾಗಿಲು ತೆರೆದಿರುವ ಊರಿನ ಅಂಗಡಿಯಲ್ಲೇ ಅದನ್ನು ಕೊಳ್ಳಿ.